ಖಾಲಿ ಆಕಾಶದ ಚುಕ್ಕೆ

ಸ್ಟುಡಿಯೊಗೆ ಬರುವವರು ಅವನನ್ನು ಡಾಕ್ಟರ್ ಎಂದು ಕರೆಯುತ್ತಿದ್ದರು. ಮೊಡವೆಯ ಮುಖ ಹೊತ್ತು ಬಂದವರು ಅರ್ಧ ಗಂಟೆಯಲ್ಲಿ ವಾಸಿಯಾಗಿ, ಪುಟ್ಟ ಲಕೋಟೆಯೊಳಗೆ ಎಂಟು ಪ್ರತಿಗಳಾಗಿ ಹೊರಬೀಳುತ್ತಿದ್ದರು. ಇಪ್ಪತ್ತೊಂಬತ್ತು ವರ್ಷಗಳಿಂದ ಅವನದು ಇದೇ ಕೆಲಸ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಕ್ಕನ ಗಂಡನ ಸ್ಟುಡಿಯೊ ಸೇರಿದಾಗ, ಕಿಟಕಿಯ ಬೆಳಕಿಗೆ ನೆಗೆಟಿವ್ ಹಿಡಿದು ಪೆನ್ಸಿಲಿನ ಮೊನೆಯಿಂದ ಜನರ ಸುಕ್ಕು ತುಂಬುತ್ತಿದ್ದ. ಪ್ರಿಂಟಿನ ಮೇಲೆ ಧೂಳು ಬಿಟ್ಟ ಬಿಳಿ ಚುಕ್ಕೆಗಳಿಗೆ ಸಣ್ಣ ಕುಂಚದಿಂದ ಬೂದು ಬಣ್ಣ ಮುಟ್ಟಿಸುತ್ತಿದ್ದ. ಕುಂಚದ ತುದಿಯನ್ನು ನಾಲಿಗೆಯ ಮೇಲೆ ಒದ್ದೆ ಮಾಡಿಕೊಂಡೂ ಮಾಡಿಕೊಂಡೂ, ಬೂದು ಬಣ್ಣದ ರುಚಿ ಬಲ್ಲವನು ಆ ಬೀದಿಯಲ್ಲಿ ಅವನೊಬ್ಬನೇ ಆಗಿದ್ದ. ಈಗ ಕುಂಚ ಹೋಗಿ ಕಂಪ್ಯೂಟರ್ ಬಂದಿದೆ. ಕೈ ಮಾತ್ರ ಹಳೆಯದೇ. ಚುಕ್ಕೆ ಕಂಡರೆ ಅದು ಸುಮ್ಮನಿರುವುದಿಲ್ಲ.

ಸ್ಟುಡಿಯೊದ ಬಾಗಿಲು ತೆಗೆಯುವ ಮುಂಚಿನ ಎರಡು ಗಂಟೆ ಅವನ ಸ್ವಂತದ್ದು. ಆಗ ಕ್ಯಾಮರಾ ಹಿಡಿದು ಬೀದಿ ಸುತ್ತುತ್ತಿದ್ದ. ತೆಗೆಯುತ್ತಿದ್ದದ್ದು ಕಪ್ಪು ಬಿಳುಪಿನ ಚಿತ್ರ ಮಾತ್ರ. ದಿನವಿಡೀ ಜನರ ಕೆನ್ನೆಯ ಬಣ್ಣ ಸರಿಮಾಡುವವನಿಗೆ ಬಣ್ಣ ಸಾಕಾಗಿತ್ತು. ಬಣ್ಣ ಹೋದ ಮೇಲೆ ಬೆಳಕು ಉಳಿಯುತ್ತದೆ, ಮನುಷ್ಯ ನಿಲ್ಲುವ ರೀತಿ ಉಳಿಯುತ್ತದೆ. ಅಷ್ಟು ಸಾಕು ಎಂಬುದು ಅವನ ಅಭಿಪ್ರಾಯ. ಹೆಂಡತಿಯ ಅಭಿಪ್ರಾಯ ಬೇರೆ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಕೊಡುವವಳು. "ಬಣ್ಣದ ಲೋಕನ ಯಾರೋ ತೊಳೆದು ಬಿಸಿಲಿಗೆ ಹಾಕಿ ಮರೆತುಬಿಟ್ಟ ಹಾಗಿರುತ್ತೆ ನಿಮ್ಮ ಫೋಟೊ" ಎನ್ನುತ್ತಿದ್ದಳು.

ಹನ್ನೊಂದು ವರ್ಷಗಳಿಂದ ಅವನು ಊರಿನ ಛಾಯಾಗ್ರಾಹಕರ ಸಂಘದ ಸ್ಪರ್ಧೆಗೆ ಚಿತ್ರ ಕಳಿಸುತ್ತಿದ್ದ. ಹನ್ನೊಂದು ವರ್ಷವೂ ಅವು ಪ್ರದರ್ಶನದ ಗೋಡೆಗೇರದೆ ವಾಪಸು ಬಂದಿದ್ದವು. ಈ ಸಲ ಗುರುವಾರ ಬೆಳಿಗ್ಗೆ ಫೋನು ಬಂತು. ಮೊದಲ ಬಹುಮಾನ.

ಬಸ್ ಸ್ಟಾಪಿನಲ್ಲಿ ನಿಂತ ಏಳು ಜನರ ಚಿತ್ರ ಅದು. ಎದೆಗೆ ಫೈಲು ಅವುಚಿಕೊಂಡ ಹೆಂಗಸು, ಬಾಯಿ ತೆರೆದ ದಪ್ಪ ಮನುಷ್ಯ, ಕೈಯಲ್ಲಿ ದಬ್ಬಳ ಹಿಡಿದೇ ಎದ್ದುಬಂದ ಚಪ್ಪಲಿ ಹೊಲಿಯುವ ಮುದುಕ, ಇನ್ನೂ ನಾಲ್ವರು. ಏಳೂ ಜನರ ಕತ್ತು ಮೇಲಕ್ಕೆತ್ತಿದೆ. ಮೇಲೆ ಆಕಾಶ, ಚಿತ್ರದ ಮುಕ್ಕಾಲು ಪಾಲು, ಪೂರ್ತಿ ಖಾಲಿ. ಆವತ್ತು ತಿರುವಿನಲ್ಲಿ ಬರುತ್ತಿದ್ದವನು ಕತ್ತುಗಳನ್ನು ಕಂಡು ಎರಡು ಸಲ ಕ್ಲಿಕ್ಕಿಸಿದ್ದ. ಅಷ್ಟರಲ್ಲಿ ಬಸ್ಸು ಅಡ್ಡ ಬಂದಿತ್ತು. ಅವರೇನು ನೋಡುತ್ತಿದ್ದಾರೆಂದು ತಾನು ನೋಡಿರಲಿಲ್ಲ. ಫೋಟೊ ಹಿಡಿಯುವವನಿಗೆ ಅಷ್ಟು ಪುರುಸೊತ್ತೆಲ್ಲಿ?

"ಏನೂ ಇಲ್ಲದ ಕಡೆ ಏಳು ಜನ ಕಣ್ಣು ನೆಟ್ಟಿದ್ದಾರೆ. ತೀರ್ಪುಗಾರರು ಆ ಖಾಲಿಗೇ ಮಾರುಹೋದ್ರು" ಎಂದರು ಸಂಘದ ಕಾರ್ಯದರ್ಶಿ ಮೇಡಂ. "ಶನಿವಾರ ಮಧ್ಯಾಹ್ನದೊಳಗೆ ಕ್ಯಾಮರಾದ ಮೂಲ ಫೈಲು ತೋರಿಸಿ. ಗೆದ್ದವರೆಲ್ಲ ತೋರಿಸಲೇಬೇಕು. ನಿಯಮ ಗೊತ್ತಲ್ಲ?"

ಗೊತ್ತಿತ್ತು. ಬೆಳಕು ಹೆಚ್ಚುಕಡಿಮೆ ಮಾಡಬಹುದು, ಅಂಚು ಕತ್ತರಿಸಬಹುದು, ಕ್ಯಾಮರಾದೊಳಗಿನ ಧೂಳು ಬಿಟ್ಟ ಚುಕ್ಕೆ ತೆಗೆಯಬಹುದು. ಬೀದಿಯಲ್ಲಿದ್ದದ್ದನ್ನು ತೆಗೆಯುವಂತಿಲ್ಲ. ಹಾಗೆಂದು ಬರೆದುಕೊಟ್ಟು ಕೆಳಗೆ ಸಹಿ ಹಾಕಿದ್ದ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೂಲ ಫೈಲು ತೆರೆದ. ಆಕಾಶದಲ್ಲಿ ಮೂರು ಚುಕ್ಕೆಗಳಿದ್ದವು. ಮೂರನ್ನೂ ಅಳಿಸಿದ್ದು ತಾನೇ ಎಂಬುದರಲ್ಲಿ ಅನುಮಾನವಿರಲಿಲ್ಲ, ಅಳಿಸಿದ ನೆನಪು ಮಾತ್ರ ಇರಲಿಲ್ಲ. ಸುಮ್ಮನೆ ಪಕ್ಕದ, ಎರಡನೆಯ ಸಲ ಕ್ಲಿಕ್ಕಿಸಿದ್ದ ಚಿತ್ರವನ್ನೂ ತೆರೆದ. ಕ್ಯಾಮರಾದೊಳಗಿನ ಧೂಳು ಇದ್ದಲ್ಲೇ ಇರುತ್ತದೆ. ಎಷ್ಟು ಚಿತ್ರ ತೆಗೆದರೂ ಅದೇ ಜಾಗ. ಎರಡು ಚುಕ್ಕೆಗಳು ಹಾಗೆಯೇ ಇದ್ದವು. ಮೂರನೆಯದು ಹೆಬ್ಬೆರಳಿನಷ್ಟು ಬಲಕ್ಕೆ ಸರಿದು ಕೆಳಗಿಳಿದಿತ್ತು.

ಅದು ಧೂಳಲ್ಲ. ಏಳು ಜನ ನೋಡುತ್ತಿದ್ದದ್ದು ಅದನ್ನೇ.

ಕೈಯಲ್ಲಿದ್ದ ತುತ್ತನ್ನು ಊಟದ ಡಬ್ಬಿಗೇ ಹಾಕಿದ. ಡಬ್ಬಿ ಮುಚ್ಚಿ ಎದ್ದ, ಕೂತ, ಮತ್ತೆ ಎದ್ದ. ಚುಕ್ಕೆಯನ್ನು ದೊಡ್ಡದು ಮಾಡಿ ನೋಡಿದರೆ ಬರೀ ಬೂದು ಚೌಕಗಳು. ಹಕ್ಕಿಯೋ, ಬಲೂನೋ, ದೇವರೇ ಬಲ್ಲ.

ಆ ಹೊತ್ತಿಗೆ ಭಾವ ಹೊರಗೆ ಏಣಿ ಹತ್ತಿ ಹೊಸ ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದ. 'ಪ್ರಥಮ ಬಹುಮಾನ ವಿಜೇತರ ಸ್ಟುಡಿಯೊ.' ಫೋನು ಬಂದು ನಾಲ್ಕು ಗಂಟೆಯೂ ಆಗಿರಲಿಲ್ಲ.

"ಭಾವ, ಸ್ವಲ್ಪ ತಡೀರಿ. ಒಂದು ತೊಂದ್ರೆ ಆಗಿದೆ."

ಭಾವ ಏಣಿಯ ಮೇಲೆ ನಿಂತೇ ಎಲ್ಲ ಕೇಳಿದ. ಬಾಯಲ್ಲಿದ್ದ ಮೊಳೆಯನ್ನು ತೆಗೆದು ಹೇಳಿದ: "ಅವರು ಕೇಳಿದ್ದು ಒಂದು ಫೈಲು ತಾನೆ? ಒಂದೇ ಕೊಡು. ಧೂಳು ಅನ್ನು. ಪಕ್ಕದ ಫೋಟೊ ಇದೆ ಅಂತ ನೀನು ಯಾಕೆ ಬಾಯಿ ಬಿಡ್ತೀಯ? ಮೂವತ್ತು ವರ್ಷ ಊರಿನವರ ಮೊಡವೆ ಅಳಿಸಿದೀಯ. ಆಗ ಬಾರದ ಧರ್ಮ ಈಗ ಎಲ್ಲಿಂದ ಬಂತೋ?"

"ಅವರು ಅಳಿಸು ಅಂತ ಕೇಳಿಕೊಂಡು ಬಂದಿದ್ರು ಭಾವ."

"ಆಕಾಶ ಬಂದು ಅಳಿಸಬೇಡ ಅಂತ ಕೇಳಿಕೊಳ್ತಾ?" ಎಂದು ಭಾವ ಮೊಳೆಯ ತಲೆಗೆ ಸುತ್ತಿಗೆ ಇಟ್ಟ.

ಮನೆಯಲ್ಲಿ ಹೆಂಡತಿ ಯಾರದೋ ಕೋಟಿನ ಹೊಲಿಗೆ ಬಿಚ್ಚುತ್ತ ಕೇಳಿಸಿಕೊಂಡಳು. "ರೀ, ನಾನು ಸೊಂಟ ಬಿಗಿ ಮಾಡಿಕೊಟ್ಟರೆ ಹಾಕಿಕೊಂಡವರು ಸಣ್ಣಗೆ ಕಾಣ್ತಾರೆ. ಅದೂ ಮೋಸನಾ?"

"ನೀನು ಸಣ್ಣಗಿದಾರೆ ಅಂತ ಬರೆದು ಸಹಿ ಹಾಕಿಕೊಡ್ತೀಯಾ?"

ಅವಳು ಕತ್ತರಿ ಕೆಳಗಿಟ್ಟಳು. "ಹನ್ನೊಂದು ವರ್ಷ ಆ ಗೋಡೆಗೋಸ್ಕರ ನನ್ನ ಪ್ರಾಣ ತಿಂದಿದೀರಿ. ಈಗ ಗೋಡೆ ಸಿಕ್ಕಿದೆ, ಮೊಳೆ ನೀವೇ ಕೀಳ್ತೀನಿ ಅಂತೀರಿ. ಏನಾದ್ರೂ ಮಾಡಿ, ಆದ್ರೆ ಹೀಗೆ ಬಾಗಿಲಿಗೂ ಕಿಟಕಿಗೂ ತಿರುಗಬೇಡಿ. ಗುಂಡುಸೂಜಿ ಚೆಲ್ಲಿದೆ, ಕಾಲಿಗೆ ಚುಚ್ಚುತ್ತೆ."

ಶುಕ್ರವಾರ ಕೆಲಸಕ್ಕೆ ಕೂತರೆ ಕೈಯೇ ಓಡದು. ಒಬ್ಬ ಹುಡುಗಿಯ ಮುಖದ ಮೇಲೆ ನಾಲ್ಕು ಕಲೆ. ಯಾವುದು ಇವಳದು, ಯಾವುದು ಇವತ್ತು ಬಂದು ನಾಳೆ ಹೋಗುವುದು? ಹಿಂದೆ ಯಾವತ್ತೂ ಏಳದ ಪ್ರಶ್ನೆ. ಏನೂ ಮುಟ್ಟದೆ ಪ್ರಿಂಟು ತೆಗೆದುಕೊಟ್ಟ. ಹುಡುಗಿ ಲಕೋಟೆ ತೆರೆದು ಹೌಹಾರಿದಳು.

"ಏನು ಡಾಕ್ಟ್ರೇ, ಚಿಕಿತ್ಸೆ ಮಾಡೇ ಇಲ್ಲ!"

ಭಾವ ಓಡಿಬಂದು ಅವಳ ಕ್ಷಮೆ ಕೇಳಿ, ಇವನನ್ನು ದುರುಗುಟ್ಟಿಕೊಂಡು ನೋಡಿ, ತಾನೇ ಕಂಪ್ಯೂಟರಿನ ಮುಂದೆ ಕೂತ. ಭಾವನ ಕೈಯಲ್ಲಿ ಅವಳ ಮೂಗಿನ ಒಂದು ಹೊಳ್ಳೆಯೂ ಮಾಯವಾಯಿತು. ಆ ಗಲಾಟೆಯಲ್ಲಿ ಇವನು ಹೊರಬಿದ್ದು ಬಸ್ ಸ್ಟಾಪಿನ ದಾರಿ ಹಿಡಿದ. ಕಾಲುಗಳು ಓಡುತ್ತಿದ್ದವು, ತಲೆ ಅವುಗಳಿಗಿಂತ ಮುಂದೆ ಓಡುತ್ತಿತ್ತು. ಹಕ್ಕಿಯಾಗಿದ್ದರೆ? ಹಕ್ಕಿಯಿದ್ದ ಚಿತ್ರವೂ ಚೆನ್ನಾಗಿಯೇ ಇದ್ದಿರಬಹುದು. ಹಾಗೆಂದು ವಾದಿಸಬಹುದಲ್ಲವೇ?

ಚಪ್ಪಲಿ ಹೊಲಿಯುವ ಮುದುಕ ತಂಗುದಾಣದ ತಗಡಿನ ಮಾಡಿನ ಕೆಳಗೆ ಕೂತಿದ್ದ. ಇವನು ಫೋನಿನಲ್ಲಿ ಚಿತ್ರ ತೋರಿಸಿದ.

"ಯಜಮಾನ್ರೇ, ಆವತ್ತು ಎಲ್ಲರೂ ಏನು ನೋಡ್ತಿದ್ರಿ?"

ಮುದುಕ ಚಿತ್ರವನ್ನು ದೂರ ಹಿಡಿದ, ಹತ್ತಿರ ಹಿಡಿದ. "ಅಯ್ಯೋ, ನಾನು ಇಷ್ಟು ಸೊರಗಿದೀನಾ? ಅದಾ? ಪ್ಲಾಸ್ಟಿಕ್ ಕವರು ಡಾಕ್ಟ್ರೇ. ನೀಲಿದು. ಗಾಳಿಗೆ ಮೇಲೆ ಹೋಗಿತ್ತು. ತಂತಿಗೆ ಸಿಕ್ಕಿಹಾಕ್ಕೊಳ್ಳುತ್ತೆ ಅಂತ ನಾನು, ಇಲ್ಲ ಅಂತ ಮಿಕ್ಕವರು. ದೊಡ್ಡ ಜಗಳವೇ ಆಗಿಹೋಯ್ತು."

"ಕೊನೆಗೆ ಸಿಕ್ಕಿಹಾಕ್ಕೊಂಡಿತಾ?"

"ಬಸ್ ಬಂತಲ್ಲ! ಎಲ್ಲರೂ ಸೀಟಿಗೆ ನುಗ್ಗಿದ್ರು. ನನಗೆ ಗಿರಾಕಿ ಬಂದ. ಕವರ್ ಯಾರು ನೋಡ್ತಾರೆ?"

ಪ್ಲಾಸ್ಟಿಕ್ ಕವರು. ಅದರ ಪರವಾಗಿ ವಾದಿಸಲು ಏನೂ ಇರಲಿಲ್ಲ.

ಶನಿವಾರ ಹನ್ನೊಂದೂವರೆಗೆ ಸಂಘದ ಸಭಾಂಗಣ ತಲುಪಿದ. ಚೌಕಟ್ಟುಗಳು ಗೋಡೆಗೇರುತ್ತಿದ್ದವು. ಬಾಗಿಲಿನ ಎದುರಿಗೇ, ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ, ಅವನ ಏಳು ಜನ ಆಗಲೇ ತೂಗುತ್ತಿದ್ದರು. ಅಷ್ಟು ದೊಡ್ಡದಾಗಿ ಅವನು ಅದನ್ನು ಕಂಡಿರಲಿಲ್ಲ. ಚೆನ್ನಾಗಿತ್ತು. ಸುಳ್ಳು ಹೇಳುವುದೇಕೆ, ಬಹಳ ಚೆನ್ನಾಗಿತ್ತು.

ಕಾರ್ಯದರ್ಶಿ ಮೇಡಂ ಕನ್ನಡಕ ಮೂಗಿಗಿಳಿಸಿ ಮೂಲ ಫೈಲು ನೋಡಿದರು. "ಮೂರು ಚುಕ್ಕೆ. ಧೂಳಲ್ವಾ? ಅದಕ್ಕೆ ಅಡ್ಡಿಯಿಲ್ಲ." ಪೆನ್ನು ಅವನ ಹೆಸರಿನ ಮುಂದಿನ ಚೌಕಕ್ಕೆ ಹೋಯಿತು.

ಪೆನ್ನಿಗೂ ಕಾಗದಕ್ಕೂ ನಡುವೆ ಒಂದು ಬೆರಳಿನಷ್ಟು ಜಾಗವಿತ್ತು. ಸುಮ್ಮನಿದ್ದರೆ ಆಗಿತ್ತು. ಸುಮ್ಮನಿರುವುದು ಇಷ್ಟು ಸುಲಭವಾಗಿ ಅವನಿಗೆ ಯಾವತ್ತೂ ಒದಗಿಬಂದಿರಲಿಲ್ಲ.

"ಪಕ್ಕದ್ದು ಒಂದಿದೆ ಮೇಡಂ. ಅದನ್ನೂ ನೋಡಿ."

ಅವರು ನೋಡಿದರು. ಹಿಂದಿನದಕ್ಕೆ ಹೋದರು, ಮತ್ತೆ ಬಂದರು. ಪೆನ್ನಿನ ಮುಚ್ಚಳ ಹಾಕಿದರು.

"ಇದನ್ನ ನಾನು ಕೇಳಿರಲಿಲ್ಲ."

"ಹೌದು."

"ಏನದು?"

"ಪ್ಲಾಸ್ಟಿಕ್ ಕವರು. ನೀಲಿದು."

"ಕವರು ಕಂಡಿದ್ರೆ ಈ ಫೋಟೊ ಮೊದಲನೇ ಸುತ್ತೂ ದಾಟ್ತಿರಲಿಲ್ಲ. ಗೊತ್ತಾ ನಿಮಗೆ?"

"ಗೊತ್ತು. ಬಹುಮಾನ ಬೇಡ. ಚುಕ್ಕೆ ಸಮೇತ ಒಂದು ಮೂಲೆಯಲ್ಲಿ ಹಾಕೋಕಾಗುತ್ತಾ?"

"ಇಲ್ಲ" ಎಂದರು ಮೇಡಂ. ಆ ದನಿಯಲ್ಲಿ ಕೋಪವಿರಲಿಲ್ಲ, ಕನಿಕರವೂ ಇರಲಿಲ್ಲ. ಅದು ಅವನಿಗೆ ಹಿತವೆನಿಸಿತು. ಕೆಲಸದವನು ಸ್ಟೂಲು ಹತ್ತಿ ಚಿತ್ರ ಇಳಿಸಿದ. ಗೋಡೆಯಲ್ಲಿ ಮೊಳೆ ಉಳಿಯಿತು.

ವಾಪಸು ಬರುವಾಗ ಬಸ್ ಸ್ಟಾಪಿನ ತಿರುವಿನಲ್ಲಿ ನಿಂತು, ಎರಡು ತಿಂಗಳ ಹಿಂದೆಯೇ ಮಾಡಬೇಕಿದ್ದ ಕೆಲಸ ಮಾಡಿದ. ತಲೆಯೆತ್ತಿ ನೋಡಿದ. ರಸ್ತೆಯ ಆಚೆ ಬದಿಯ ಕಂಬದ ತುದಿಯಲ್ಲಿ, ಎರಡು ತಂತಿಗಳು ಸೇರುವಲ್ಲಿ, ಒಂದು ಕವರು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಬಿಸಿಲಿಗೆ ನೀಲಿಯೆಲ್ಲ ಹೋಗಿ ಬೂದು ಬಣ್ಣಕ್ಕೆ ತಿರುಗಿತ್ತು.

"ಯಜಮಾನ್ರೇ, ಸ್ವಲ್ಪ ಹೊರಗೆ ಬನ್ನಿ."

ಮುದುಕ ದಬ್ಬಳ ಹಿಡಿದೇ ಮಾಡಿನ ಕೆಳಗಿಂದ ಎದ್ದುಬಂದ, ಇವನ ಬೆರಳು ಹೋದ ಕಡೆ ಕತ್ತೆತ್ತಿದ, ತೊಡೆ ತಟ್ಟಿದ. "ಹೇಳಲಿಲ್ವಾ ನಾನು! ಒಬ್ಬನಾದ್ರೂ ಒಪ್ಪಿದ್ನಾ ಆವತ್ತು? ಆ ದಪ್ಪನೆಯವನು ಸೋಮವಾರ ಬರ್ತಾನೆ, ಬರ್ಲಿ, ತೋರಿಸ್ತೀನಿ." ಆಮೇಲೆ ನೆನಪಾಗಿ ಕೇಳಿದ: "ನಿಮ್ಮ ಬಹುಮಾನ ಏನಾಯ್ತು ಡಾಕ್ಟ್ರೇ?"

"ಗೆದ್ದಿದ್ದು ನೀವೊಬ್ಬರೇ" ಎಂದು ಹೇಳಿ ಅವನು ಬಿರಬಿರನೆ ಹೆಜ್ಜೆ ಹಾಕಿದ. ಭಾವ ಊಟ ಮುಗಿಸಿ ಬರುವುದಕ್ಕೆ ಇನ್ನು ಇಪ್ಪತ್ತು ನಿಮಿಷವಿತ್ತು. ಅಷ್ಟರೊಳಗೆ ಏಣಿ ಹುಡುಕಿ ಆ ಬೋರ್ಡು ಇಳಿಸಬೇಕಿತ್ತು.