ಒಂದು ಗಂಟೆ ಬೆಂದ ಬೊಂಡಾಸ್

ಈ ಊರಿನಲ್ಲಿ ಜಿಲೇಬಿ ಅಂದರೆ ಮೀನು. ಬಂದ ಮೊದಲ ಭಾನುವಾರ ಸೈಕಲ್ಲಿನವನೊಬ್ಬ, "ಜಿಲೇಬಿ ಬೇಕಾ ಮೇಡಂ? ಈಗ್ತಾನೆ ಕೆರೆಯಿಂದ ತಂದಿದ್ದು" ಎಂದಾಗ, ಕೆರೆಗೂ ಜಿಲೇಬಿಗೂ ಏನು ಸಂಬಂಧವೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದೆ. ಬುಟ್ಟಿಯಲ್ಲಿದ್ದದ್ದು ತಿಲಾಪಿಯಾ.

ಮಲ್ಪೆ ಬಿಟ್ಟು ಪಿರಿಯಾಪಟ್ಟಣದ ಹತ್ತಿರದ ರಾವಂದೂರಿಗೆ ರಸಾಯನಶಾಸ್ತ್ರ ಕಲಿಸಲು ಬಂದು ಎಂಟು ತಿಂಗಳಾಯಿತು. ನಮ್ಮಲ್ಲಿ ಗಾಳಿಗೆ ಮೀನಿನ ವಾಸನೆ. ಇಲ್ಲಿ ಬ್ಯಾರನ್ ಎಂಬ ಗೂಡುಮನೆಗಳಲ್ಲಿ ಒಣಗುವ ತಂಬಾಕಿನದು. ಮನೆಯ ಒಡತಿ ಸಾಕಮ್ಮ ಗೋಡೆಯಾಚೆ ಒಬ್ಬರೇ ಇರುತ್ತಾರೆ. ದಿನವೂ "ಊಟ ಆಯ್ತಾ ಮೇಡಂ?" ಎನ್ನುತ್ತಾರೆ. ನಾನು "ಆಯ್ತು" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅದು ಊಟದ ಪ್ರಶ್ನೆಯಲ್ಲ, ಮಾತಿಗೆ ಕರೆಯುವ ರೀತಿ ಎಂದು ಅರ್ಥವಾಗುವ ಹೊತ್ತಿಗೆ ಬಾಗಿಲು ಹಾಕುವುದು ರೂಢಿಯಾಗಿತ್ತು. ಇಷ್ಟು ತಿಂಗಳಲ್ಲಿ ಈ ಊರಿನ ಯಾರೊಂದಿಗೂ ನಾನು ಕೂತು ಉಂಡಿರಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಕುಶಾಲನಗರದಲ್ಲಿ ಬೊಂಡಾಸ್ ಸಿಕ್ಕಿತು. ಸ್ಕ್ವಿಡ್ ಎಂಬ ಕಡಲಜೀವಿಗೆ ನಮ್ಮ ಕರಾವಳಿಯ ಹೆಸರು ಅದು. ಮಾರುವವನು ಮಲಯಾಳದಲ್ಲಿ "ಕೂಂದಲ್" ಎಂದ. ಅರ್ಧ ಕಿಲೋ ತಂದು, ನೇರಳೆ ಸಿಪ್ಪೆ ಸುಲಿದು, ಒಳಗಿನ ಗಾಜಿನಂಥ ಕಡ್ಡಿ ಎಳೆದು, ಉಂಗುರಗಳಾಗಿ ಹೆಚ್ಚಿದೆ. ಸಾಕಮ್ಮ ಎಂದಿನಂತೆ ಕೇಳಿದರು. ಈ ಸಲ ನಾನು, "ಇನ್ನೂ ಇಲ್ಲ. ನೀವೂ ಬನ್ನಿ, ಬೊಂಡಾಸ್ ಮಾಡ್ತಿದ್ದೇನೆ" ಎಂದೆ.

"ಬೋಂಡನಾ? ಐದು ನಿಮ್ಷ, ಬಂದೆ ಬುಡಿ."

ನಮ್ಮ ಅಮ್ಮನ ಲೆಕ್ಕದಲ್ಲಿ ಬೊಂಡಾಸ್ ಒಲೆಯ ಮೇಲೆ ಇರಬೇಕಾದದ್ದು ಎರಡು ಮೂರು ನಿಮಿಷ. ಹುರಿದ ತೆಂಗಿನ ಮಸಾಲೆಯಲ್ಲಿ ಹೊರಳಿಸಿ ಇಳಿಸಿದೆ. ಸಾಕಮ್ಮ ಬರಲಿಲ್ಲ. ಬಿಸಿ ಮಾಡಿದೆ. ಮತ್ತೊಮ್ಮೆ ಬಿಸಿ ಮಾಡಿದೆ. ಕೊನೆಗೆ ಕಾಲಿನ ಕೆಸರು ತೊಳೆದುಕೊಂಡು ಬಂದರು.

"ತ್ರೀಫೇಸ್ ಕರೆಂಟ್ ಬಂದ್ಬುಡ್ತು, ಮೋಟ್ರು ಆಕಕ್ಕೆ ತೋಟಕ್ಕೋದೆ. ಬೋಂಡ ತಾನೆ, ಆರಿದ್ರೇನು ಅಂದ್ಕೊಂಡೆ." ತಟ್ಟೆ ನೋಡಿ, "ಇದೇನ್ ಮೇಡಂ, ಬಳೆ ಇದ್ದಂಗವೆ!" ಎಂದರು.

ಒಂದು ಉಂಗುರ ಬಾಯಿಗೆ ಹಾಕಿ ಬಹಳ ಹೊತ್ತು ಅಗಿದರು.

"ನನ್ ಹಲ್ಲೋ ಇದೋ, ಯಾವ್ದಾರ ಒಂದು ಸೋಲ್ಬೇಕು ಕಣ್ರೀ."

ತಟ್ಟೆ ತೆಗೆಯಲು ಕೈ ಚಾಚಿದೆ. ಅವರು ಬಿಡಲಿಲ್ಲ. "ಕುರಿ ಬೋಟಿನೂ ಮೊದ್ಲು ಇಂಗೇಯ. ನೀರ್ ಉಯ್ದು ಬೇಯಿಸ್ಬೇಕು."

"ಇದನ್ನು ಜಾಸ್ತಿ ಬೇಯಿಸಬಾರದು ಸಾಕಮ್ಮನೋರೆ, ಕೆಟ್ಟುಹೋಗ್ತದೆ."

"ಈಗೇನ್ ಚೆಂದಾಗದಾ?"

ಬೋಟಿ ಅಂದರೆ ಕುರಿಯ ಕರುಳು. ಅದಕ್ಕೆ ಹಾಕುವ ಚಕ್ಕೆ, ಲವಂಗ, ಕೊತ್ತಂಬರಿ ಸೊಪ್ಪು ರುಬ್ಬಿ ತಂದು ಸುರಿದು, ಸಣ್ಣ ಉರಿಯಲ್ಲಿಟ್ಟರು. ಒಂದು ಗಂಟೆ ಇಬ್ಬರೂ ಹೊಸ್ತಿಲಲ್ಲಿ ಕೂತೆವು.

"ಸಮುದ್ರದಲ್ಲಿ ಆಕಡೆ ದಡ ಕಾಣ್ತದಾ?" ಸಾಕಮ್ಮ ಕಂಡಿದ್ದ ಅತಿ ದೊಡ್ಡ ನೀರೆಂದರೆ ಎಚ್.ಡಿ. ಕೋಟೆಯ ಕಡೆ, ಕಬಿನಿಯ ಹಿನ್ನೀರು.

"ಇಲ್ಲ."

"ಅಂಗಾರೆ ಅದ್ನ ನೋಡ್ತಾ ಕೂತ್ರೆ ಮನ್ಸು ಎತ್ಲಾಗ್ ಓಯ್ತದೆ ಮಗಾ?"

ಇಲ್ಲಿಗೆ ಬಂದ ಮೇಲೆ ಸಮುದ್ರದ ಬಗ್ಗೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಪಾತ್ರೆಯ ಮುಚ್ಚಳ ತೆಗೆದಾಗ ಉಂಗುರಗಳು ಕುಗ್ಗಿ ಬೆಣ್ಣೆಯಂತಾಗಿದ್ದವು. ಬೊಂಡಾಸಿನ ರುಚಿ ಮಸಾಲೆಯಲ್ಲಿ ಅರ್ಧ ಮುಳುಗಿತ್ತು. ಸಾಕಮ್ಮ ಮನೆಯಿಂದ ಮುದ್ದೆ ತಂದರು. ಮುದ್ದೆ ಅಗಿಯಲು ಹೊರಟ ನನ್ನನ್ನು ನೋಡಿ ನಕ್ಕು, "ನುಂಗಿ, ನುಂಗಿ" ಎಂದರು. ನಾನು ಎರಡನೇ ಸಲ ಬಡಿಸಿಕೊಂಡೆ.

ಸಂಜೆ ಅಮ್ಮ ಫೋನ್ ಮಾಡಿದಾಗ ನಡೆದದ್ದನ್ನು ತುಳುವಿನಲ್ಲಿ ಹೇಳಿದೆ. ಒಂದು ಗಂಟೆ ಎಂದು ಕೇಳಿ ಅಮ್ಮ ಹೌಹಾರಿದಳು. "ಅಷ್ಟು ಒಳ್ಳೆಯ ಬೊಂಡಾಸನ್ನು ಹಾಳು ಮಾಡಿದಿರಲ್ಲ! ತಿನ್ನಲಿಕ್ಕಾದರೂ ಆಯಿತಾ?"

"ಇಲ್ಲ, ಪೂರ್ತಿ ಹಾಳಾಯಿತು" ಎಂದೆ, ಅಮ್ಮನ ಲೆಕ್ಕವನ್ನು ತಪ್ಪೆನ್ನಲು ಮನಸ್ಸಾಗದೆ. ಗೋಡೆಯಾಚೆ ಸಾಕಮ್ಮ ಪಾತ್ರೆ ತೊಳೆಯುತ್ತಿದ್ದರು. ಅವರಿಗೆ ತುಳು ಬಾರದು ಎಂಬುದು ಆ ಹೊತ್ತಿನಲ್ಲಿ ನನಗಿದ್ದ ಒಂದೇ ಸಮಾಧಾನ.