ಮೇಕೇರಿ ಇಳಿಜಾರಿನಲ್ಲಿ ಇಂಜಿನ್‌ಗೆ ಕೊಟ್ಟ ವಿಶ್ರಾಂತಿ

ಸುಂಟಿಕೊಪ್ಪದ ಕಡೆ ನನ್ನ ಕುರಿತು ಎರಡು ಮಾತುಗಳು ಚಾಲ್ತಿಯಲ್ಲಿವೆ. ಆ ಭಾಗದಲ್ಲಿ ಮೊತ್ತಮೊದಲು ಮೋಟಾರ್ ಸೈಕಲ್ ಹತ್ತಿದವನು ನಾನು ಎಂಬುದು ಒಂದು. ನನ್ನ ಎಡಗಾಲು ಕುಂಟಾದದ್ದು ಆನೆಯಿಂದ ಎಂಬುದು ಇನ್ನೊಂದು. ಮೊದಲನೆಯದು ಸುಳ್ಳು, ನನಗಿಂತ ಮುಂಚೆ ಮೂವರು ಹತ್ತಿದ್ದನ್ನು, ಅವರಲ್ಲೊಬ್ಬರು ಸಂತೆಯ ಮೆಣಸಿನಕಾಯಿ ರಾಶಿಯೊಳಗೆ ನುಗ್ಗಿ ಎಲ್ಲರನ್ನೂ ಸೀನಿಸಿದ್ದನ್ನು ನಾನೇ ಕಂಡಿದ್ದೇನೆ. ಎರಡನೆಯದೂ ಸುಳ್ಳು. ಅದನ್ನು ಹುಟ್ಟಿಸಿದವನು ನಾನೇ ಆದುದರಿಂದ ಇದರ ಬಗ್ಗೆ ಬೇರೆ ಸಾಕ್ಷಿ ಬೇಕಿಲ್ಲ.

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಆ ಕೆಲವೇ ವರ್ಷಗಳನ್ನು ಈಗ ಹಲವರು ಚಿನ್ನದ ಕಾಲವೆಂದು ವರ್ಣಿಸುತ್ತಾರೆ. ವರ್ಣಿಸುವವರಲ್ಲಿ ಅರ್ಧದಷ್ಟು ಜನ ಆಗ ಹುಟ್ಟಿರಲಿಲ್ಲ. ನಾನು ಹುಟ್ಟಿ ಬೆಳೆದು, ಸುಂಟಿಕೊಪ್ಪದಾಚೆಯ ಕಾಫಿ ಎಸ್ಟೇಟೊಂದರಲ್ಲಿ ತೂಕದ ರೈಟರಾಗಿದ್ದೆ. ಆಳುಗಳು ಕೊಯ್ದು ತಂದ ಹಣ್ಣನ್ನು ತಕ್ಕಡಿಗೆ ಹಾಕಿ ಬರೆದುಕೊಳ್ಳುವುದು ನನ್ನ ಕೆಲಸ. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ನೆಲೆಸಿದ ಗಾಡಿಕಾರ. ನಾಲ್ಕನೆಯ ಇಯತ್ತೆಗೇ ನನ್ನ ಶಾಲೆ ಮುಗಿಯಿತು. ಉಳಿದದ್ದನ್ನು ಗೊಬ್ಬರದ ಚೀಲಗಳ ಮೇಲಿನ ಬರಹದಿಂದ, ಹಳೆಯ ಪತ್ರಿಕೆಗಳಿಂದ, ಮೊದಲ ಪುಟಗಳು ಹರಿದುಹೋಗಿದ್ದ ಒಂದು ಇಂಗ್ಲಿಷ್ ನಿಘಂಟಿನಿಂದ ಕಲಿತೆ. ಎ ಅಕ್ಷರದ ಪದಗಳ ಅರ್ಥವನ್ನು ಈಗಲೂ ನಾನು ಊಹೆಯಿಂದಲೇ ಪಡೆಯುತ್ತೇನೆ. ಗುರುವಿಲ್ಲದೆ ಕಲಿತವನಿಗೆ ಒಂದು ರೋಗ ಅಂಟುತ್ತದೆ: ತಾನೇ ಮುಟ್ಟಿ ನೋಡದ ಯಾವುದನ್ನೂ ಅವನು ನಂಬುವುದಿಲ್ಲ. ಈ ರೋಗವನ್ನು ನಾನು ಬಹುಕಾಲ ಒಂದು ಗುಣವೆಂದು ತಿಳಿದಿದ್ದೆ.

ಆ ಕಾಲದ ಒಂದು ವರ್ಷ ನಮ್ಮ ದೊರೆ, ಸ್ವಾತಂತ್ರ್ಯ ಬಂದ ಮೇಲೂ ಊರಿಗೆ ಹೋಗದೆ ಉಳಿದಿದ್ದ ಬಿಳಿಯ, ಮೂರ್ನಾಡಿನ ಹತ್ತಿರ ಇನ್ನೊಂದು ತೋಟ ಕೊಂಡ. ಎರಡೂ ತೋಟಗಳಿಗೆ ಒಬ್ಬನೇ ರೈಟರ್ ಬೇಕಾಯಿತು. ಬೆಳಿಗ್ಗೆ ಇಲ್ಲಿ ಹಾಜರಿ ಮುಗಿಸಿ, ಟಪಾಲು ಚೀಲ ಹಿಡಿದು ಮಡಿಕೇರಿ ಹತ್ತಿ, ಆ ಕಡೆ ಇಳಿದು, ಮಧ್ಯಾಹ್ನದೊಳಗೆ ಮೂರ್ನಾಡು ತಲುಪಬೇಕು. ಬಸ್ಸನ್ನು ನಂಬಿದರೆ ಹೋಗುವುದರಲ್ಲೇ ದಿನ ಮುಗಿಯುತ್ತಿತ್ತು. ಆದ್ದರಿಂದ ದೊರೆ ಯುದ್ಧದಲ್ಲಿ ದುಡಿದು ಬಿಡುಗಡೆಯಾದ ಒಂದು ಮೋಟಾರ್ ಸೈಕಲ್ ತರಿಸಿದ. ಹಸಿರು ಬಣ್ಣ ಅಲ್ಲಲ್ಲಿ ಸುಲಿದು ಅದು ಕಜ್ಜಿ ಹಿಡಿದ ಕೋಣದಂತೆ ಕಾಣುತ್ತಿತ್ತು.

"ಹಣ್ಣಿನ ಪಿಕಿಂಗ್ ಶುರುವಾಗುವ ಮೊದಲು ಇದರ ಮೇಲೆ ಮೂರ್ನಾಡಿಗೆ ಹೋಗಿ ಬಂದರೆ ಕೆಲಸ ನಿನ್ನದು" ಎಂದ ದೊರೆ, ಅಡಿಗೆಯವನಿಂದ ಕಲಿತ ತನ್ನ ಕನ್ನಡದಲ್ಲಿ. "ಇಲ್ಲದಿದ್ದರೆ ಮಂಗಳೂರಿನ ಮೆಟ್ರಿಕ್ ಹುಡುಗ ಬರುತ್ತಾನೆ. ಅವನಿಗೆ ಸವಾರಿ ಗೊತ್ತು."

ಈ ಮಾತಿನ ತೂಕ ನನಗೊಬ್ಬನಿಗೇ ಗೊತ್ತಿತ್ತು. ಅಲ್ಲಿಯವರೆಗೆ ನಾನು ಕೇಳಿದ್ದ ಪ್ರತಿಯೊಂದು ಕೆಲಸವೂ ಮೊದಲು ಸರ್ಟಿಫಿಕೇಟ್ ತೋರಿಸು ಎಂದಿತ್ತು. ಸರ್ಟಿಫಿಕೇಟ್ ಕೇಳದೆ ಬಾಗಿಲು ತೆರೆದ ಮೊದಲ ವಸ್ತು ಆ ಕಬ್ಬಿಣದ ಕೋಣ. ಎರಡನೆಯದು ಬರಲಾರದೆಂದು ನನಗೆ ಆಗಲೇ ಅನಿಸಿತ್ತು.

ಕಲಿಸಲು ಒಪ್ಪಿದವನು ಎಸ್ಟೇಟಿನ ಲಾರಿ ಡ್ರೈವರ್. ಪಟಾಲಮ್ಮಿನಲ್ಲಿ, ಅಂದರೆ ಸೈನ್ಯದಲ್ಲಿ, ಇದ್ದು ಬಂದ ಕೊಡವ. ಕಾಫಿ ಒಣಗಿಸುವ ಕಣವೇ ನಮ್ಮ ಪಾಠಶಾಲೆ. ನಾನು ಹಿಂದಿನ ದಿನವೇ ಪ್ರಶ್ನೆಗಳನ್ನು ಬರೆದುಕೊಂಡು ಹೋಗುತ್ತಿದ್ದೆ. ಎರಡು ಬ್ರೇಕ್ ಏಕಿವೆ, ಒಂದನ್ನು ನಂಬಲಾಗದು ಎಂದೇ? ಕ್ಲಚ್ಚನ್ನು ಎಷ್ಟು ಬಿಟ್ಟರೆ ಪೂರ್ತಿ ಬಿಟ್ಟಂತೆ? ತಿರುವಿನಲ್ಲಿ ಗಾಡಿ ವಾಲುವಾಗ ನಾನೂ ವಾಲಬೇಕೇ, ನೆಟ್ಟಗೆ ಕೂತು ಅದನ್ನು ತಡೆಯಬೇಕೇ? ಬೂಟಿನೊಳಗೆ ಜಿಗಣೆ ಸೇರಿದ್ದು ಗೊತ್ತಾದರೆ ನಿಲ್ಲಿಸಬೇಕೇ?

"ಎಂತ ಮಾರಾಯ ರೈಟರ್," ಎಂದು ಡ್ರೈವರ್ ಮೀಸೆಯಡಿ ನಗುತ್ತಿದ್ದ. "ನಿನ್ನ ಪ್ರಶ್ನೆಗೆ ಉತ್ತರ ಹೇಳುವಾಗ ನಿಂತಲ್ಲೇ ಟ್ಯಾಂಕು ಖಾಲಿ ಆಗ್ತದೆ. ಜಿಗಣೆ ಕುಡೀಲಿ ಬಿಡು. ಹೊಟ್ಟೆ ತುಂಬಿದ್ರೆ ಅದೇ ಇಳೀತದೆ. ನೀನು ಮಾತ್ರ ಇಳೀಬೇಡ."

"ಕಾರಣ ತಿಳಿಯದೆ ಕಾಲು ಹೇಗೆ ಇಡೋದು?"

"ಕಾರಣ ಕೇಳಿ ಯಾರಾದ್ರೂ ನಡೆಯೋಕೆ ಕಲಿತದ್ದುಂಟಾ? ಕೂತ್ಕೊ."

ಕೂರುತ್ತಿದ್ದೆ. ಬೀಳುತ್ತಿದ್ದೆ. ಕೂಲಿ ಲೈನಿನ ಮನೆಗಳ ಹೆಂಗಸರು ಒಣಹಾಕಿದ ಕಾಫಿ ಕೆದಕುತ್ತಾ, "ಇವತ್ತು ರೈಟರು ಎಷ್ಟು ಸಲ ನಮಸ್ಕಾರ ಮಾಡಿದ್ರು?" ಎಂದು ಲೆಕ್ಕ ಹಾಕುತ್ತಿದ್ದರು. ಒಬ್ಬಳು, ನಾನು ಬೀಳುವ ಜಾಗದಲ್ಲಿ ಗೋಣಿಚೀಲ ಹಾಸಿಡಲೇ ಎಂದು ಬಹಳ ಗಂಭೀರವಾಗಿ ಕೇಳಿದಳು. ಮೂರನೆಯ ವಾರಕ್ಕೆ ಬೀಳುವುದು ನಿಂತಿತು. ಮಡಿಕೇರಿಯ ಬಯಲಿನಲ್ಲಿ ಅಧಿಕಾರಿಯೊಬ್ಬ ಎಂಟರ ಆಕಾರದಲ್ಲಿ ಎರಡು ಸುತ್ತು ಹಾಕಿಸಿ ಲೈಸೆನ್ಸಿಗೆ ಸಹಿ ಮಾಡಿದ. ಬಯಲು ಮಟ್ಟಸವಾಗಿತ್ತು. ಇಳಿಜಾರಿನ ಬಗ್ಗೆ ಅವನು ಏನೂ ಕೇಳಲಿಲ್ಲ.

ಡ್ರೈವರ್ ಮಾತ್ರ ಹೇಳಿದ್ದ. "ಇಳಿವಾಗ ಎರಡನೇ ಗೇರ್. ಇಂಜಿನ್ ತಾನೇ ಹಿಡೀತದೆ. ಬ್ರೇಕಿಗೆ ಪೂರ್ತಿ ಭಾರ ಹಾಕಬೇಡ."

ಅವನು ಕಾರಣ ಹೇಳಲಿಲ್ಲ. ಗಾಡಿಯನ್ನು ಮುಂದಕ್ಕೆ ತಳ್ಳುವ ಇಂಜಿನ್ನೇ ಅದನ್ನು ಹಿಂದಕ್ಕೆ ಹಿಡಿಯುತ್ತದೆ ಎಂಬುದು ನನಗೆ ಬುದ್ಧಿಗೆ ಹೊಂದದ ಮಾತಾಗಿ ಕಂಡಿತು. ಪಟಾಲಮ್ಮಿನವರು ಕೇಳಿದ್ದನ್ನು ಹಾಗೇ ಒಪ್ಪಿಸುವವರು ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ.

ಮೂರ್ನಾಡಿಗೆ ಹೋಗಿ ಬರುವ ಪರೀಕ್ಷೆಯ ಮೊದಲಿನ ಭಾನುವಾರ ಅಪ್ಪ ಶಿರಂಗಾಲದಿಂದ ನಡೆದೂ ಲಾರಿ ಹತ್ತಿಯೂ ಬಂದ. ಲಾರಿಗಳು ಬಂದ ಮೇಲೆ ಅವನ ಗಾಡಿಗೆ ಬಾಡಿಗೆ ನಿಂತೇಹೋಗಿತ್ತು, ಎತ್ತುಗಳನ್ನು ಮಾರಿಯಾಗಿತ್ತು. ಮೋಟಾರ್ ಸೈಕಲ್ಲಿನ ಸುತ್ತ ಎರಡು ಸಲ ಬಂದು, ಎತ್ತಿನ ಬೆನ್ನು ಸವರುವಂತೆ ಟ್ಯಾಂಕನ್ನು ಸವರಿದ.

"ಹಲ್ಲು ಎಷ್ಟು ಐತ್ಲಾ ಇದ್ಕೆ?" ಎಂದ, ಸಂತೆಯಲ್ಲಿ ಎತ್ತಿನ ವಯಸ್ಸು ಕೇಳುವವನಂತೆ. ಲೈನಿನವರು ನಕ್ಕರು. ಅಪ್ಪನೂ ನಕ್ಕ. ಆಮೇಲೆ ದನಿ ತಗ್ಗಿಸಿ, "ಇಳಿಜಾರ್ನಾಗೆ ಹೆಂಗ್ಲಾ? ಹಿಂದ್ಗಡೆ ಕೊರಡು ಕಟ್ತೀಯಾ?" ಎಂದ.

ನಮ್ಮ ಗಾಡಿಕಾರರ ಪದ್ಧತಿ ಅದು. ಏರು ಹತ್ತಿದ ಮೇಲೆ ನೆತ್ತಿಯಲ್ಲಿ ಗಾಡಿ ನಿಲ್ಲಿಸಿ, ಎತ್ತುಗಳಿಗೆ ನೀರು ತೋರಿಸಿ, ಇಳಿಯುವಾಗ ಹಿಂದೆ ಒಂದು ಭಾರದ ಮರದ ಕೊರಡನ್ನು ಕಟ್ಟಿ ಎಳೆಸುವುದು. ಗಾಡಿಯ ಓಟವನ್ನು ಕೊರಡು ತಡೆಯುತ್ತದೆ. ಹೆಗಲು ಕೊಟ್ಟು ಹತ್ತಿಸಿದ ಎತ್ತುಗಳು ಬರಿದೇ ನಡೆದು ದಣಿವಾರಿಸಿಕೊಳ್ಳುತ್ತವೆ. ಏರಿನಲ್ಲಿ ದುಡಿದ ಜೀವವನ್ನು ಇಳಿಜಾರಿನಲ್ಲೂ ದುಡಿಸುವವನನ್ನು ಅಪ್ಪ ಗಾಡಿಕಾರನೆಂದೇ ಒಪ್ಪುತ್ತಿರಲಿಲ್ಲ.

"ಕೊರಡು ಬ್ಯಾಡ ಅಪ್ಪ, ಬ್ರೇಕ್ ಐತೆ" ಎಂದೆ.

"ಹಂಗಾದ್ರೆ ಸರಿ. ಅದು ಹಿಡ್ಕಳ್ಳಿ, ಇದು ಉಸಿರು ತಗಳ್ಳಿ" ಎಂದು ಇಂಜಿನ್ ತಟ್ಟಿದ. "ಏರಿನಾಗೆ ಬಾಯಿ ಬಿಡ್ತದೆ ಪಾಪ."

ಡ್ರೈವರನ ಮಾತನ್ನು ಕಾರಣವಿಲ್ಲದ್ದೆಂದು ತಳ್ಳಿದ ನಾನು, ಅಪ್ಪನ ಮಾತಿಗೆ ಕಾರಣ ಕೇಳಲೇ ಇಲ್ಲ. ಕೇಳಬೇಕೆಂದು ತೋಚಲೂ ಇಲ್ಲ. ಎಲ್ಲವನ್ನೂ ಸಂಶಯಿಸುತ್ತೇನೆಂದು ಬೀಗುವವನು ಯಾವುದರ ಮೇಲೆ ನಿಂತು ಸಂಶಯಿಸುತ್ತಾನೋ ಆ ನೆಲವನ್ನು ಮಾತ್ರ ನೋಡುವುದಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಟಪಾಲು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟೆ. ಮಡಿಕೇರಿಯವರೆಗೂ ಏರು. ತಿರುವು ತಿರುವಿಗೂ ಇಂಜಿನ್ ಗುಡುಗಿತು, ಕೆಮ್ಮಿತು, ಎರಡು ಕಡೆ ನಿಂತು ಮತ್ತೆ ಹತ್ತಿಕೊಂಡಿತು. ಮಡಿಕೇರಿ ಮುಟ್ಟುವಾಗ ಅದರ ಬಿಸಿ ನನ್ನ ಮೊಣಕಾಲನ್ನು ಸುಡುತ್ತಿತ್ತು. ನನಗೆ ನಿಜಕ್ಕೂ ಕನಿಕರವಾಯಿತು. ಊರು ದಾಟಿ ಮೂರ್ನಾಡಿನ ರಸ್ತೆ ಮೇಕೇರಿಯತ್ತ ಇಳಿಯಲಾರಂಭಿಸುವಲ್ಲಿ ಗೇರನ್ನು ನ್ಯೂಟ್ರಲ್‌ಗೆ ತಂದು ಇಂಜಿನ್ ಆರಿಸಿದೆ. ಬಗ್ಗಿ ಟ್ಯಾಂಕಿನಡಿಯ ಪೆಟ್ರೋಲ್ ಕಾಕನ್ನೂ, ಅಂದರೆ ಪೆಟ್ರೋಲ್ ಹರಿವಿನ ತಿರುಪನ್ನೂ, ಮುಚ್ಚಿದೆ, ಎತ್ತಿನ ಕೊರಳಪಟ್ಟಿಯನ್ನು ಸಡಿಲಿಸಿದ ಹಾಗೆ.

ಮೊದಲ ಎರಡು ತಿರುವುಗಳವರೆಗೆ ಅಷ್ಟು ಸುಖ ನಾನು ಬೇರೆ ಯಾವಾಗಲೂ ಕಂಡದ್ದಿಲ್ಲ. ಸದ್ದೇ ಇಲ್ಲ. ಮರಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ಮೂರನೆಯ ತಿರುವಿಗೆ ಬ್ರೇಕ್ ಮೆತ್ತಗಾಯಿತು. ನಾಲ್ಕನೆಯದಕ್ಕೆ ತುಳಿದರೆ ಕಾಲು ಸುಮ್ಮನೆ ಒಳಗೆ ಹೋಯಿತು; ಸುಟ್ಟ ವಾಸನೆ ಬಂತು. ಕೈ ಬ್ರೇಕ್ ಹಿಡಿದೆ, ಅದು ಅರೆಕ್ಷಣ ಹಿಡಿದು ಬಿಟ್ಟಿತು. ಗೇರ್ ಹಾಕಬೇಕೆಂಬುದು ಆಗಲೂ ಹೊಳೆಯಲಿಲ್ಲ. ಲಂಟಾನ ಪೊದೆಯನ್ನು ಸೀಳಿಕೊಂಡು ಕೆಳಗಿನ ಚರಂಡಿಗೆ ಹೋದೆ. ಮೋಟಾರ್ ಸೈಕಲ್ ನನ್ನ ಎಡಗಾಲಿನ ಮೇಲೆ ಮಲಗಿತು. ಸ್ವಲ್ಪ ಹೊತ್ತಿನಲ್ಲಿ ಬಂದ ಬಸ್ಸಿನ ಜನ ನನ್ನನ್ನು ಎತ್ತಿ ಮಡಿಕೇರಿಯ ಆಸ್ಪತ್ರೆಗೆ ಸೇರಿಸಿದರು.

ಮರುದಿನ ಅಪ್ಪ ಬಂದ. ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಪಟ್ಟಿ ಸುತ್ತಿದ ನನ್ನ ಕಾಲನ್ನು ಸವರಿದ. ಆಮೇಲೆ, "ಇಳಿಜಾರ್ನಾಗೆ ಅದ್ಕೆ ಉಸಿರು ತಗಳಾಕೆ ಬಿಟ್ಟಿದ್ದೆ ತಾನೇ?" ಎಂದ.

ಅವನ ಮುಖದಲ್ಲಿ ಅನುಮಾನ ಮೂಡಿತ್ತು. ಎತ್ತು ಹೋಗಿತ್ತು, ಗಾಡಿ ಹೋಗಿತ್ತು. ತನಗೆ ತಿಳಿದದ್ದು ಇನ್ನೂ ಮಗನ ಕೆಲಸಕ್ಕೆ ಬರುತ್ತದೆ ಎಂಬುದೊಂದು ಉಳಿದಿತ್ತು. ನಾನು ಹೌದು ಎಂದಿದ್ದರೆ ಅದನ್ನೂ ಕಿತ್ತುಕೊಂಡಂತೆ.

"ಅದಲ್ಲ ಅಪ್ಪ," ಎಂದೆ. "ಆನೆ ಅಡ್ಡ ಬಂತು."

ಅವನ ಭುಜಗಳು ಇಳಿದವು. "ಆನೆ ಬಂದ್ರೆ ಯಾರೇನ್ಮಾಡಕ್ಕಾಯ್ತದೆ" ಎಂದ, ಹೆಚ್ಚುಕಡಿಮೆ ಸಂತೋಷದಿಂದ.

ಮೂರನೆಯ ದಿನ ದೊರೆ ಡ್ರೈವರನೊಂದಿಗೆ ಬಂದ. ಅಪ್ಪ ಗೋಡೆಗೆ ಒರಗಿ ನಿಂತಿದ್ದ. ದೊರೆ ಸ್ಟೂಲಿನ ಮೇಲೆ ಕೂತು ಹೇಳಿದ: "ಕಾಲು ಸರಿಯಾಗುತ್ತದೆ ಎಂದು ಡಾಕ್ಟರ್ ಹೇಳುತ್ತಾನೆ. ಅಲ್ಲಿಯವರೆಗೆ ನಿನ್ನ ಬದಲಿಗೆ ಆ ಮಂಗಳೂರಿನ ಹುಡುಗನನ್ನು ನಾನು ಎರಡು ತಿಂಗಳು ಮಾತ್ರ ಇಟ್ಟುಕೊಳ್ಳಬಹುದು. ಎಲ್ಲರೂ ಬೀಳುತ್ತಾರೆ. ನಾನೂ ಬಿದ್ದೆ. ನಿಜ ಹೇಳು, ಏನಾಯಿತು?"

ಬಾಗಿಲು ಇನ್ನೂ ತೆರೆದೇ ಇತ್ತು. ಒಂದೇ ಒಂದು ಮಾತು ಸಾಕಿತ್ತು. ಆ ಮಾತು ಅಪ್ಪನ ಕಿವಿಗೂ ಬೀಳುತ್ತಿತ್ತು.

"ಆನೆ, ದೊರೆ" ಎಂದೆ.

ದೊರೆ ಡ್ರೈವರನ ಕಡೆ ನೋಡಿದ. ಡ್ರೈವರ್ ನನ್ನ ಕಡೆ ನೋಡದೆ ಹೇಳಿದ: "ಗೇರ್ ನ್ಯೂಟ್ರಲ್ ಇತ್ತು. ಬಿದ್ದಾಗ ಹಾಗೆ ಆಗಿರಬಹುದು. ಬ್ರೇಕಿನ ಲೈನಿಂಗ್ ಕರಕಲಾಗಿತ್ತು." ಆಮೇಲೆ, "ಪೆಟ್ರೋಲ್ ಕಾಕ್ ಮುಚ್ಚಿತ್ತು" ಎಂದ.

"ಆನೆ ಬಂದಾಗ ನೀನು ಬಗ್ಗಿ ಕಾಕ್ ಮುಚ್ಚಿದೆಯಾ?" ದೊರೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅವನು ಇನ್ನೂ ನನಗೆ ಅವಕಾಶ ಕೊಡುತ್ತಿದ್ದ.

ಅಪ್ಪನಿಗೆ ಕಾಕ್ ಎಂದರೇನೆಂದು ಗೊತ್ತಿರಲಿಲ್ಲ. "ದೊಡ್ಡ ಒಂಟಿ ಸಲಗ, ಬುದ್ಧಿ" ಎಂದು ನನ್ನ ಪರವಾಗಿ ಸಾಕ್ಷಿ ನುಡಿದ, ತಾನೇ ಕಂಡವನಂತೆ. ನಾನು ಹೌದೆಂದು ತಲೆಯಾಡಿಸಿದೆ.

ದೊರೆ ಎದ್ದು ಟೋಪಿ ಹಾಕಿಕೊಂಡ. "ಬಿದ್ದವನಿಗೆ ಮತ್ತೆ ಕಲಿಸಬಹುದು" ಎಂದಷ್ಟೇ ಹೇಳಿ ಹೊರಟ. ಮುಂದಿನ ಅರ್ಧ ಮಾತನ್ನು ಅವನು ಆಡಲಿಲ್ಲ. ಡ್ರೈವರ್ ಬಾಗಿಲಲ್ಲಿ ನಿಂತು, "ನನ್ನ ಹತ್ರ ಹೇಳಿದ್ರೂ ಆಗ್ತಿತ್ತಲ್ಲ ಮಾರಾಯ" ಎಂದ. ಪಿಕಿಂಗ್ ಶುರುವಾಗುವ ಹೊತ್ತಿಗೆ ಮಂಗಳೂರಿನವನ ನೇಮಕ ಖಾಯಂ ಆಯಿತು. ಕಾಲು ಡಾಕ್ಟರ್ ಹೇಳಿದಷ್ಟು ಸರಿಯಾಗಲಿಲ್ಲ; ನಾನು ಕೋಲೂರಿಕೊಂಡು ತಕ್ಕಡಿಯ ಮುಂದೆ ಮರಳಿ ಕೂತೆ.

ಅಪ್ಪ ಬದುಕಿದ್ದಷ್ಟು ದಿನ ಶಿರಂಗಾಲದ ಜಗಲಿಗಳಲ್ಲಿ ಆ ಸಲಗದ ಕತೆ ಹೇಳಿದ. ವರ್ಷ ಕಳೆದಂತೆ ಅದರ ದಂತ ಉದ್ದವಾಯಿತು. ಕೇಳಿದವರು ನಂಬಿದರು, ನಂಬಿದವರು ಮುಂದಕ್ಕೆ ದಾಟಿಸಿದರು. ಯಾವುದೇ ಊರಿನ ಚರಿತ್ರೆ ಇದಕ್ಕಿಂತ ಬೇರೆ ರೀತಿಯಲ್ಲಿ ತಯಾರಾಗುತ್ತದೆಂದು ನನಗೆ ಯಾರೂ ಇನ್ನೂ ತೋರಿಸಿಕೊಟ್ಟಿಲ್ಲ.

ಅವನು ತೀರಿಕೊಂಡ ಮೇಲೆ, ತಿಥಿ ಮುಗಿಸಿ ಬಂದ ವಾರದಲ್ಲೇ ಬಂಗಲೆಗೆ ಹೋದೆ. ನಡೆದದ್ದನ್ನು ಈಗ ಹೇಳಬಹುದಿತ್ತು. ಕೇಳಿ ನೋಯುವವರು ಯಾರೂ ಉಳಿದಿರಲಿಲ್ಲ. ಅಷ್ಟರಲ್ಲಿ ಕೊಡಗು ಮೈಸೂರಿನೊಳಗೆ ಸೇರಿಹೋಗಿತ್ತು, ದೊರೆ ತೋಟ ಮಾರಿ ತನ್ನ ಊರಿಗೆ ಹೋಗಿಬಿಟ್ಟಿದ್ದ, ಡ್ರೈವರ್ ಕೆಲಸ ಬಿಟ್ಟಿದ್ದ. ಮೂರ್ನಾಡಿನ ತೋಟ ಬೇರೆಯವರ ಕೈಗೆ ಹೋಗಿತ್ತು. ಹೊಸ ಯಜಮಾನರು ಜೀಪಿನ ಪಕ್ಕ ನಿಂತು ನನ್ನ ಮಾತನ್ನು ಸ್ವಲ್ಪ ಹೊತ್ತು ಕೇಳಿದರು.

"ಎರಡು ತೋಟಕ್ಕೆ ಒಬ್ಬ ರೈಟರಾ? ಅಂಥ ಕೆಲಸ ಇಲ್ಲಿ ಇತ್ತಾ?" ಎಂದರು. "ಈಗ ಅದೆಲ್ಲ ಯಾಕೆ? ನಿಮಗೆ ಏನಾದ್ರೂ ಬೇಕಾಗಿತ್ತಾ?"

ಏನೂ ಬೇಡವೆಂದು ಹೇಳಿ ಇಳಿದು ಬಂದೆ. ತೂಕದ ಕೊಟ್ಟಿಗೆಯ ಮುಂದೆ ಹಣ್ಣಿನ ಚೀಲ ಹೊತ್ತವರ ಸಾಲು ರಸ್ತೆಯವರೆಗೆ ಬೆಳೆದಿತ್ತು. "ಎಲ್ಲಿ ಹೋಗಿದ್ರಿ ರೈಟರೇ, ಮೋಡ ನೋಡಿ, ಬೇಗ ಬೇಗ ತೂಗಿ" ಎಂದು ಮುಂದಿದ್ದವಳು ಗದರಿಸಿದಳು. ಕೂತು ತೂಗಲಾರಂಭಿಸಿದೆ.