ಮಾತು ಬಿಟ್ಟ ಟರ್ಮಿನಲ್‌ಗಳು

ದೂರದಲ್ಲೆಲ್ಲೋ ಒಂದು ಗುಡುಗು ಗುರುಗುಟ್ಟಿದರೆ ಸಾಕು, ನಮ್ಮ ಬಣಕಲ್ ಕಡೆಯವರ ಕೈ ತಾನಾಗಿ ಗೋಡೆಯ ಪ್ಲಗ್ಗಿನತ್ತ ಚಾಚುತ್ತದೆ. ಫ್ರಿಜ್ಜು, ಟೀವಿ, ಮಿಕ್ಸಿ ಎಂಬ ಭೇದಭಾವವಿಲ್ಲದೆ ಸಕಲ ವಯರುಗಳನ್ನೂ ಕಿತ್ತು, ಸಿಡಿಲಿಗೇ ಚಳ್ಳೆಹಣ್ಣು ತಿನ್ನಿಸಿದೆವೆಂಬ ಆತ್ಮತೃಪ್ತಿಯಲ್ಲಿ ಕಾಫಿ ಕುಡಿಯುತ್ತೇವೆ. ಈ ವಿದ್ಯೆಯಲ್ಲಿ ನಾನು ಊರಿಗೆಲ್ಲ ಒಂದು ಕೈ ಮೇಲು.

ಮೇಷ್ಟರಿಕೆಯಿಂದ ನಿವೃತ್ತನಾದ ಮೇಲೆ ನಮ್ಮೂರ ವಾಚನಾಲಯದ ಆರು ಟರ್ಮಿನಲ್‌ಗಳ ಪಾಲನೆ ಪೋಷಣೆ ನನ್ನ ಪಾಲಿಗೆ ಬಂತು. ಟರ್ಮಿನಲ್ ಎಂದರೆ ಪರದೆ, ಕೀಲಿಮಣೆ ಜೋಡಿಸಿದ, ಟಿಫಿನ್ ಡಬ್ಬಿಯಷ್ಟು ಗಾತ್ರದ ಪೆಟ್ಟಿಗೆ. ಸ್ವಂತ ಬುದ್ಧಿ ಅಲ್ಪ, ಹಿಂದಿನ ಕೋಣೆಯ ದೊಡ್ಡ ಲಿನಕ್ಸ್ ಕಂಪ್ಯೂಟರು ಹೇಳಿದ್ದನ್ನು ಪಾಲಿಸುವುದಷ್ಟೇ ಅದರ ಕಾಯಕ. ಈ ವಿಷಯದಲ್ಲಿ ನನಗೂ ಅದಕ್ಕೂ ಅಂಥ ವ್ಯತ್ಯಾಸವಿಲ್ಲವೆಂದು ನನ್ನಾಕೆಯ ಅಭಿಪ್ರಾಯ. ಕಳೆದ ಬುಧವಾರ ಬೆಳಿಗ್ಗೆ ನೋಡಿದರೆ ಆರಕ್ಕೆ ಆರೂ ಮಾತು ಬಿಟ್ಟಿದ್ದವು: ಪರದೆ ಎಂದಿನಂತೆ, ಧ್ವನಿ ಮಾತ್ರ ಇಲ್ಲ.

ಉಳಿದವರಿಗೆ ಇದರಿಂದ ನಷ್ಟವೇನೂ ಇರಲಿಲ್ಲ. ಆದರೆ ರಸ್ತೆಬದಿಯ ಗ್ಯಾರೇಜಿನ ಮೆಕ್ಯಾನಿಕ್ಕರ ಮಗಳು ನಸ್ರೀನಳಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಯಂತ್ರ ಓದಿ ಹೇಳಿದರೆ ಆಕೆ ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು ಪಟಪಟನೆ ಟೈಪ್ ಮಾಡುತ್ತಾಳೆ. ಬರುವ ಸೋಮವಾರವೇ ಚಿಕ್ಕಮಗಳೂರಿನಲ್ಲಿ ಆಕೆಗೆ ಕೆಲಸದ ಪರೀಕ್ಷೆ, ಅದೂ ಇಂಥದೇ ಯಂತ್ರದ ಮೇಲೆ.

"ಬಿಡು ಮಾರಾಯ, ಹೊಸದು ತರ್ಸಿದ್ರಾಯ್ತು, ಹದಿನೈದು ದಿನ ಅಷ್ಟೆ," ಎಂದ ವಾಚನಾಲಯದ ಅಧ್ಯಕ್ಷ, ನನ್ನ ಬಾಲ್ಯದ ಗೆಳೆಯ ಶಿವಣ್ಣ. ನನಗೆ ಮೈಯೆಲ್ಲ ಉರಿಯಿತು. ಸೋಮವಾರದೊಳಗೆ ಇವುಗಳನ್ನು ಮಾತಾಡಿಸದೆ ಬಿಡುವುದಿಲ್ಲವೆಂದು ಹಟ ಹಿಡಿದೆ.

ಧ್ವನಿಯನ್ನು ಪೂರ್ತಿ ಏರಿಸಿದೆ, ಹೆಡ್‌ಫೋನುಗಳನ್ನು ಅದಲುಬದಲು ಮಾಡಿದೆ, ಹಿಂದಿನ ಕೋಣೆಯ ಯಂತ್ರದ ಮುಂದೆ ಕುಳಿತು ಅರ್ಥವರಿಯದ ಆಜ್ಞೆಗಳನ್ನು ಸಹಸ್ರನಾಮದ ಶ್ರದ್ಧೆಯಿಂದ ಟೈಪ್ ಮಾಡಿದೆ. ಶುಕ್ರವಾರ ಅರ್ಧ ದಿನ ಪರದೆಗಳೂ ಕಪ್ಪಾಗಿ, ಇದ್ದ ಓದುಗರೂ ಎದ್ದುಹೋದರು. ಶನಿವಾರ ಪಕ್ಕದ ಕುರ್ಚಿಯಲ್ಲಿ ಕುಳಿತು ನನ್ನ ನಿಟ್ಟುಸಿರುಗಳನ್ನು ಕೇಳಿಸಿಕೊಳ್ಳುತ್ತಿದ್ದ ನಸ್ರೀನ್ ಮೆಲ್ಲಗೆ ಕೇಳಿದಳು:

"ಸಾರ್, ಮಂಗಳವಾರ ಸಂಜೆ ಗುಡುಗು ಬಂದಾಗ ನೀವು ವಯರೆಲ್ಲ ಕಿತ್ರಲ್ಲ, ಮಾರನೇ ದಿನದಿಂದ್ಲೇ ಅಲ್ವಾ ಹಿಂಗಾಗಿದ್ದು?"

ಹೌದಲ್ಲ! ಕರೆಂಟಿನ ವಯರುಗಳು ಸಾಲದೆಂದು, ನಿರಪರಾಧಿಗಳಾದ ಹೆಡ್‌ಫೋನುಗಳನ್ನೂ ಅಂದು ಕಿತ್ತಿದ್ದೆ. ಬುಧವಾರ ಬೆಳಿಗ್ಗೆ ಅವನ್ನು ಮತ್ತೆ ಸಿಕ್ಕಿಸುವ ಮೊದಲೇ ನಾನು ಕರೆಂಟು ಕೊಟ್ಟಿದ್ದರಿಂದ, ಹೆಡ್‌ಫೋನು ಕಾಣದ ಪೆಟ್ಟಿಗೆಗಳು ಧ್ವನಿಯನ್ನೆಲ್ಲ ಮಾನಿಟರಿಗೆ ಕಳಿಸಿ, ಅದನ್ನೇ ಖಾಯಂ ಮಾಡಿಕೊಂಡಿದ್ದವು. ನಮ್ಮ ಮಾನಿಟರುಗಳಿಗೋ ಸ್ಪೀಕರೇ ಇಲ್ಲ! ಮೂರು ದಿನ ನಾನು ಬೆನ್ನಟ್ಟಿದ ಕಳ್ಳ ನನ್ನದೇ ಬಲಗೈ. ಸೌಂಡ್ ಸೆಟ್ಟಿಂಗಿನಲ್ಲಿ ಮಾನಿಟರನ್ನು ಬಿಟ್ಟು ಹೆಡ್‌ಫೋನನ್ನು ಆರಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಕೇಳ್ತಿದ್ಯೇನಮ್ಮ?" ಎಂದೆ. ನಸ್ರೀನ್ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ನಾನು ಇನ್ನೂ ಜೋರಾಗಿ ಕೇಳಿದೆ. ಕೀಲಿಗಳ ಮೇಲಿದ್ದ ಒಂದು ಕೈಯನ್ನು ಆಕೆ ನನ್ನತ್ತ ಎತ್ತಿ ಹಿಡಿದಳು.

"ಸ್ವಲ್ಪ ಸುಮ್ನಿರಿ ಸಾರ್, ಓದ್ತಾ ಇದೀನಿ."

ಮೂವತ್ತು ವರ್ಷಗಳ ಮೇಷ್ಟರಿಕೆಯಲ್ಲಿ ನನ್ನನ್ನು ಹೀಗೆ ಗದರಿದ ವಿದ್ಯಾರ್ಥಿ ಇನ್ನೊಬ್ಬರಿಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸದ್ದಾಗದಂತೆ ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ.